ಮಗ ಇಂಟ್ರೊವರ್ಟ್ ಅಂತ ಮೊಬೈಲ್ ಹೇಳಿತು, ನಂಬಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನುಷ್ಯನ ಸ್ವಭಾವದ ಬಗ್ಗೆಯೇ ಇವೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನ್ನ ಮಗ ಎರಡನೇ ಪಿಯುಸಿ. ಮೊಬೈಲ್‌ನಲ್ಲಿ ಯಾವುದೋ ಪರ್ಸನಾಲಿಟಿ ಟೆಸ್ಟ್ ಮಾಡಿದ. ನಾಲ್ಕು ಇಂಗ್ಲಿಷ್ ಅಕ್ಷರಗಳ ಫಲಿತಾಂಶ ಬಂತು. ಅವತ್ತಿನಿಂದ ‘ನಾನು ಇಂಟ್ರೊವರ್ಟ್, ಮದುವೆ ಮುಂಜಿಗೆಲ್ಲ ನನ್ನನ್ನು ಕರೀಬೇಡಿ’ ಅನ್ನುತ್ತಾನೆ. ಅದರಲ್ಲಿ ಬರೆದಿದ್ದನ್ನು ನಾನೂ ಓದಿದೆ. ನಮ್ಮ ಮಾಣಿಯನ್ನು ಹತ್ತಿರದಿಂದ ನೋಡಿ ಬರೆದ ಹಾಗೇ ಇದೆ. ಮುಂದೆ ಏನು ಓದಬೇಕು ಅನ್ನುವುದನ್ನೂ ಅದನ್ನು ನೋಡಿಯೇ ತೀರ್ಮಾನ ಮಾಡುತ್ತಾನಂತೆ. ನಂಬಬಹುದಾ?
– ಒಬ್ಬ ತಾಯಿ, ಶಿರಸಿ

ಉತ್ತರ: ‘ನೋಡಿ ಬರೆದ ಹಾಗೇ ಇದೆ’ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ಒಂದು ವಾರ ಬಿಟ್ಟು, ‘ಇದು ನಿಮ್ಮ ಸ್ವಭಾವ’ ಎಂದು ಒಬ್ಬೊಬ್ಬರ ಕೈಗೂ ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿ ಇದೆ, ಐದಕ್ಕೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಹಾಳೆಯಲ್ಲೂ ಇದ್ದದ್ದು ಅದೇ ಬರಹ. ಅದರ ಸಾಲುಗಳಲ್ಲಿ ಹೆಚ್ಚಿನವನ್ನು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ತೆಗೆದಿದ್ದರು. ‘ಕೆಲವೊಮ್ಮೆ ಜನರ ಜೊತೆ ಬೆರೆಯುತ್ತೀರಿ, ಕೆಲವೊಮ್ಮೆ ನಿಮ್ಮಷ್ಟಕ್ಕೆ ಸುಮ್ನೆ ಇರುತ್ತೀರಿ’ ಅಂದರೆ ಯಾರು ತಾನೇ ಅಲ್ಲ ಅಂತಾರೆ? ಓದಿದಾಗ ‘ಇದು ನಾನೇ’ ಅನಿಸುವುದು ಪರೀಕ್ಷೆ ಸರಿ ಅನ್ನುವುದಕ್ಕೆ ಸಾಕ್ಷಿಯಲ್ಲ.

ಇನ್ನು ಆ ನಾಲ್ಕು ಅಕ್ಷರ. ಅಂತರ್ಮುಖಿ (ಇಂಟ್ರೊವರ್ಟ್), ಬಹಿರ್ಮುಖಿ (ಎಕ್ಸ್‌ಟ್ರೊವರ್ಟ್) ಎಂಬ ಮಾತನ್ನು ಬಳಕೆಗೆ ತಂದವರು ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್. 1921ರಲ್ಲಿ ಈ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಅದನ್ನು ಹಿಡಿದುಕೊಂಡು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಪ್ರಶ್ನಾವಳಿ ಮಾಡಿದರು. ಇಬ್ಬರೂ ಮನೋವಿಜ್ಞಾನ ಓದಿದವರಲ್ಲ. ಅವರ ಪರೀಕ್ಷೆ ಜನರನ್ನು 16 ಗುಂಪು ಮಾಡುತ್ತದೆ. ಆದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿದರೆ ಎಷ್ಟೋ ಜನರಿಗೆ ಒಂದಾದರೂ ಅಕ್ಷರ ಬದಲಾಗುತ್ತದೆ. ಕೆಲಸಕ್ಕೆ ಜನರನ್ನು ಆರಿಸಲು ಇದನ್ನು ಬಳಸಬಾರದು ಎಂದು ಅದನ್ನು ನಡೆಸುವವರೇ ಹೇಳುತ್ತಾರೆ. ಮೊಬೈಲ್‌ನಲ್ಲಿ ಬಿಟ್ಟಿ ಸಿಗುವ ಟೆಸ್ಟ್‌ಗಳು ಅದರ ನಕಲು. ಅದನ್ನು ನೋಡಿ ಓದಿನ ದಾರಿ ತೀರ್ಮಾನ ಮಾಡುವುದು ಖಂಡಿತ ಬೇಡ.

ಅಕ್ಷರ ಯಾಕೆ ಬದಲಾಗುತ್ತದೆ? ನಿಮ್ಮ ಕಡೆಯ ಅಡಿಕೆ ನೋಡಿ. ಚಾಲಿ ಬೇರೆ, ಕೆಂಪಡಿಕೆ ಬೇರೆ. ಒಂದು ಹಣ್ಣಾದ ಮೇಲೆ ಸಿಪ್ಪೆ ಸಮೇತ ಒಣಗಿಸಿದ್ದು. ಇನ್ನೊಂದು ಹಸಿರಿರುವಾಗಲೇ ಸುಲಿದು ಬೇಯಿಸಿದ್ದು. ಅರ್ಧ ಚಾಲಿ, ಅರ್ಧ ಕೆಂಪು ಅಂತ ಇರುವುದಿಲ್ಲ. ಮನುಷ್ಯರು ಹಾಗಲ್ಲ. ನಮ್ಮದು ಕಾಳಿ ನದಿಯ ನೀರಿನ ಹಾಗೆ. ಕದ್ರಾದಲ್ಲಿ ಸಿಹಿ, ಕೋಡಿಬಾಗದ ಸೇತುವೆ ಹತ್ತಿರ ಉಪ್ಪು. ಎಲ್ಲಿ ಬದಲಾಯಿತು ಅಂತ ಗೆರೆ ಎಳೆಯಲು ಆಗುತ್ತದಾ? ಬಹಿರ್ಮುಖತೆಯೂ ಹೀಗೇ ಅಳತೆಪಟ್ಟಿಯ ಉದ್ದಕ್ಕೂ ಹರಡಿಕೊಂಡಿದೆ. ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ. ಪರೀಕ್ಷೆ ಆ ನಡುವಿನಲ್ಲೇ ಗೆರೆ ಎಳೆಯುತ್ತದೆ. ಇವತ್ತು ಗೆರೆಯ ಈಚೆ ಇದ್ದ ಹುಡುಗ, ಇನ್ನೊಂದು ದಿನ ಬೇರೆ ಮನಸ್ಸಿನಲ್ಲಿ ಕುಳಿತರೆ ಆಚೆ.

ಮಗನ ಜೊತೆ ಮಾತಾಡುವಾಗ ಒಂದು ವಿಷಯ ಬಿಡಿಸಿ ಕೇಳಿ. ಮದುವೆಮನೆಯಿಂದ ಬಂದ ಮೇಲೆ ಅವನಿಗೆ ಆಗುವುದು ದಣಿವೋ, ಅಥವಾ ಹೋಗುವ ಮೊದಲೇ ಆಗುವುದು ಹೆದರಿಕೆಯೋ? ಅಂತರ್ಮುಖಿಗೆ ಗದ್ದಲ ಬೇಗ ಸಾಕಾಗುತ್ತದೆ ಅಷ್ಟೇ. ಒಂದಿಬ್ಬರ ಜೊತೆ ಅವನು ಗಂಟೆಗಟ್ಟಲೆ ಹರಟುತ್ತಾನೆ. ಸಂಕೋಚ ಬೇರೆ. ಅಲ್ಲಿ ಸೇರುವ ಆಸೆ ಇರುತ್ತದೆ, ‘ಯಾರು ಏನಂದುಕೊಳ್ಳುತ್ತಾರೋ’ ಎಂಬ ಭಯ ತಡೆಯುತ್ತದೆ. ಬರೀ ದಣಿವಾದರೆ ಬಡಿಸುವವರ ಜೊತೆ ಸೇರಿಸಿ. ಕೈಯಲ್ಲಿ ಸೌಟು ಇದ್ದರೆ ಎಷ್ಟೋ ಮೌನಿ ಹುಡುಗರು ಪಂಕ್ತಿಯ ಉದ್ದಕ್ಕೂ ಎಲ್ಲರನ್ನೂ ಮಾತಾಡಿಸುತ್ತಾರೆ. ನಾನೇ ನೋಡಿದ್ದೇನೆ. ಹೆದರಿಕೆಯಾದರೆ, ಅದರಿಂದ ಕ್ಲಾಸು, ಗೆಳೆಯರು, ನಿದ್ದೆ ಎಲ್ಲ ಬಿಟ್ಟುಹೋಗುತ್ತಿದ್ದರೆ, ಆಪ್ತಸಲಹೆಗಾರರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನನಗೆ 29 ವರ್ಷ. ಬಂದರಿನಲ್ಲಿ ಕೆಲಸ. ಅಲ್ಲಿ ಎಲ್ಲರಿಗೂ ಬೇಕಾದವನು ನಾನು. ಎಷ್ಟೇ ಗಲಾಟೆ ಆದರೂ ನಗುತ್ತಲೇ ಸಂಭಾಳಿಸುತ್ತೇನೆ. ಮನೆಗೆ ಬಂದರೆ ಅಪ್ಪನ ಒಂದು ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ. ‘ಹೊರಗೆ ನಿಮ್ಮದು ಬರೀ ಮುಖವಾಡ’ ಅನ್ನುತ್ತಾಳೆ ಹೆಂಡತಿ. ಹಾಗಾದರೆ ನಿಜವಾದ ನಾನು ಯಾರು?
– ಕಾರವಾರ

ಉತ್ತರ: ಇಂಗ್ಲಿಷಿನ ‘ಪರ್ಸನಾಲಿಟಿ’ ಪದ ಬಂದಿದ್ದೇ ಲ್ಯಾಟಿನ್‌ನ ‘ಪರ್ಸೋನ’ದಿಂದ. ನಾಟಕದವರು ಹಾಕಿಕೊಳ್ಳುತ್ತಿದ್ದ ಮುಖವಾಡಕ್ಕೆ ಆ ಹೆಸರು. ನಿಮ್ಮ ಮನೆಯವರು ಬಳಸಿದ್ದು ಅದೇ ಪದ. ಆದರೆ ಮುಖವಾಡ ಅಂದರೆ ಸುಳ್ಳು ಅಂತ ಯಾಕಾಗಬೇಕು? ನಮ್ಮ ಯಕ್ಷಗಾನವನ್ನೇ ನೋಡಿ. ಬಣ್ಣ, ಕಿರೀಟ ಏನೇ ಇರಲಿ, ಹಳೆಯ ಪ್ರೇಕ್ಷಕರು ರಂಗಕ್ಕೆ ಬಂದ ಹೆಜ್ಜೆ ನೋಡಿಯೇ ಕಲಾವಿದ ಯಾರೆಂದು ಹೇಳಿಬಿಡುತ್ತಾರೆ. ಇವತ್ತು ಕೌರವ, ನಾಳೆ ಕೃಷ್ಣ, ಹೆಜ್ಜೆ ಮಾತ್ರ ಆ ಕಲಾವಿದನದೇ. ನಿಮ್ಮಲ್ಲೂ ಹುಡುಕಬೇಕಾದ್ದು ಆ ಹೆಜ್ಜೆಯನ್ನು.

ವಾಲ್ಟರ್ ಮಿಶೆಲ್ ಎಂಬ ಮನೋವಿಜ್ಞಾನಿ 1968ರಲ್ಲಿ ಒಂದು ಪುಸ್ತಕ ಬರೆದು ಇಡೀ ಕ್ಷೇತ್ರವನ್ನೇ ಅಲುಗಾಡಿಸಿದರು. ಒಂದು ಸಂದರ್ಭದ ನಡತೆ ನೋಡಿ ಇನ್ನೊಂದನ್ನು ಊಹಿಸಲು ಹೋದರೆ ಹೊಂದಿಕೆ ಬಹಳ ಕಡಿಮೆ ಬರುತ್ತದೆ ಎಂದರು. ತರಗತಿಯಲ್ಲಿ ಮೋಸ ಮಾಡದ ಮಗು ಆಟದಲ್ಲಿ ಮೋಸ ಮಾಡಬಹುದು ಎಂಬುದು 1928ರಷ್ಟು ಹಿಂದೆಯೇ ಹಾರ್ಟ್‌ಶಾರ್ನ್ ಮತ್ತು ಮೇ ನಡೆಸಿದ ಅಧ್ಯಯನದಲ್ಲಿ ಕಂಡಿತ್ತು. ಹಾಗಾದರೆ ಸ್ವಭಾವ ಅಂತ ಇಲ್ಲವೇ ಇಲ್ಲವಾ ಎಂದು ಇಪ್ಪತ್ತು ವರ್ಷ ವಾದ ನಡೆಯಿತು.

ಆಮೇಲೆ ಮಿಶೆಲ್ ಮತ್ತು ಯೂಚಿ ಶೋದಾ ಬೇಸಿಗೆ ಶಿಬಿರವೊಂದರಲ್ಲಿ 84 ಮಕ್ಕಳನ್ನು ವಾರಗಟ್ಟಲೆ ಗಮನಿಸಿದರು. ಒಟ್ಟು ಸಿಟ್ಟು ಲೆಕ್ಕ ಹಾಕಿದರೆ ಅವರಲ್ಲಿ ಇಬ್ಬರು ಹುಡುಗರದ್ದು ಒಂದೇ. ಆದರೆ ಒಬ್ಬನಿಗೆ ದೊಡ್ಡವರು ಗದರಿಸಿದರೆ ಸಿಟ್ಟು. ಇನ್ನೊಬ್ಬನಿಗೆ ಜೊತೆಯ ಮಕ್ಕಳು ಕೆಣಕಿದರೆ ಮಾತ್ರ. ಇದು ವಾರದಿಂದ ವಾರಕ್ಕೆ ಹಾಗೇ ಉಳಿಯಿತು. ‘ಹೀಗಾದರೆ ಇವನು ಹಾಗೆ’ ಎಂಬ ಈ ಜೋಡಿಯೇ ಒಬ್ಬೊಬ್ಬರ ರುಜು. ಬಂದರಿನಲ್ಲಿ ನಗುವ ನೀವು, ಅಪ್ಪನ ಎದುರು ಸಿಡುಕುವ ನೀವು, ಇಬ್ಬರೂ ನಿಜ.

ಎರಡು ವಾರ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಸಿಟ್ಟು ಬಂದಾಗೆಲ್ಲ ಎರಡು ಸಾಲು ಬರೆಯಿರಿ: ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಯಾರ್‍ಯಾರು ಇದ್ದರು. ಅಮ್ಮನ ಮೇಲೆ ಯಾವಾಗಲೂ ರೇಗುತ್ತೇನೆ ಎಂಬ ನೋವು ನನಗೂ ಇತ್ತು. ಬರೆದು ನೋಡಿದಾಗ ಹತ್ತರಲ್ಲಿ ಎಂಟು ಸಲ ಒಂದೇ ಗಳಿಗೆ. ಕೆಲಸ ಮುಗಿಸಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಅವರು ಪ್ರಶ್ನೆ ಕೇಳಿದರೆ. ಕೈಕಾಲು ತೊಳೆದು ಚಹಾ ಕುಡಿದ ಮೇಲೆ ಅದೇ ಪ್ರಶ್ನೆಗೆ ನನಗೆ ಸಿಟ್ಟೇ ಇರಲಿಲ್ಲ. ಅಮ್ಮನಿಗೆ ಇದನ್ನು ಹೇಳಿದೆ. ಅವರು ಈಗ ಚಹಾ ಲೋಟ ಕೆಳಗಿಡುವ ತನಕ ಕಾಯುತ್ತಾರೆ. ನಿಮ್ಮ ಪುಸ್ತಕದಲ್ಲಿ ಬೇರೆ ಏನೋ ಸಿಗಬಹುದು. ಸಿಕ್ಕಿದ್ದನ್ನು ಮೊದಲು ಹೆಂಡತಿಗೆ ತೋರಿಸಿ.

ಪ್ರಶ್ನೆ: ಬಿ.ಎಡ್. ಓದುತ್ತಿದ್ದೇನೆ. ವ್ಯಕ್ತಿತ್ವದ ಪಾಠದಲ್ಲಿ ಫ್ರಾಯ್ಡ್ ಒಂದು ಹೇಳುತ್ತಾರೆ, ಆಲ್‌ಪೋರ್ಟ್ ಇನ್ನೊಂದು. ಕೊನೆಗೆ ‘ಬಿಗ್ ಫೈವ್’ ಅಂತ ಬರುತ್ತದೆ. ಬಾಯಿಪಾಠ ಮಾಡಿದ್ದೇನೆ, ತಲೆಗೆ ಹತ್ತಿಲ್ಲ. ಇವರಲ್ಲಿ ಸರಿ ಯಾರು?
– ಕುಮಟಾ

ಉತ್ತರ: ಅವರವರು ಕೇಳಿಕೊಂಡ ಪ್ರಶ್ನೆಯೇ ಬೇರೆ ಬೇರೆ. ಅದು ಚೆನ್ನಾಗಿ ಗೊತ್ತಾಗುವ ಒಂದು ಘಟನೆ ಇದೆ. 1920ರಲ್ಲಿ 22 ವರ್ಷದ ಗಾರ್ಡನ್ ಆಲ್‌ಪೋರ್ಟ್ ವಿಯೆನ್ನಾದಲ್ಲಿ ಫ್ರಾಯ್ಡ್ ಅವರನ್ನು ನೋಡಲು ಹೋದರು. ಫ್ರಾಯ್ಡ್ ಮಾತಾಡದೆ ಕೂತರು. ಏನಾದರೂ ಹೇಳಬೇಕಲ್ಲ ಎಂದು ಆಲ್‌ಪೋರ್ಟ್, ಬರುವಾಗ ಟ್ರಾಮ್‌ನಲ್ಲಿ ಕಂಡ ಪುಟ್ಟ ಹುಡುಗನ ಕಥೆ ಹೇಳಿದರು. ಅವನಿಗೆ ಕೊಳೆ ಕಂಡರೆ ಆಗದು. ಅಲ್ಲಿ ಕೂರಲ್ಲ, ಆ ಕೊಳಕು ಮನುಷ್ಯ ನನ್ನ ಪಕ್ಕ ಬೇಡ ಎಂದು ಹಟ. ಪಕ್ಕದಲ್ಲಿ ಇಸ್ತ್ರಿ ಮಡಿಕೆ ಮುರಿಯದಂಥ ತಾಯಿ. ಫ್ರಾಯ್ಡ್ ಮೃದುವಾಗಿ ಕೇಳಿದರು: ಆ ಹುಡುಗ ನೀನೇನಾ?

ಆಲ್‌ಪೋರ್ಟ್ ದಂಗಾದರು. ಎಲ್ಲದಕ್ಕೂ ಅಷ್ಟು ಆಳ ಅಗೆಯಬೇಕಾ, ಮೇಲೆ ಕಾಣುವುದನ್ನು ಮೊದಲು ಸರಿಯಾಗಿ ನೋಡಬಾರದಾ ಎಂಬ ಯೋಚನೆ ಅವರನ್ನು ಬಿಡಲಿಲ್ಲ. ಮನಸ್ಸಿನಡಿ ಏನು ಗುದ್ದಾಟ ನಡೆದಿದೆ ಎಂಬುದು ಫ್ರಾಯ್ಡ್ ಪ್ರಶ್ನೆ. ಒಬ್ಬ ಮನುಷ್ಯ ಇನ್ನೊಬ್ಬನಿಗಿಂತ ಹೇಗೆ ಬೇರೆ ಎಂಬುದು ಆಲ್‌ಪೋರ್ಟ್ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು 1936ರಲ್ಲಿ ಅವರು ಆಡ್ಬರ್ಟ್ ಜೊತೆ ಸೇರಿ ಇಂಗ್ಲಿಷ್ ನಿಘಂಟು ಹಿಡಿದು ಕುಳಿತರು. ಜನರನ್ನು ವರ್ಣಿಸುವ ಪದಗಳು ಸುಮಾರು 18,000 ಸಿಕ್ಕವು. ಅದರಲ್ಲಿ ಸ್ಥಿರವಾದ ಗುಣ ಹೇಳುವವು ಸುಮಾರು 4,500. ಜನಕ್ಕೆ ಯಾವ ವ್ಯತ್ಯಾಸ ಮುಖ್ಯವೋ ಅದಕ್ಕೆ ಭಾಷೆಯಲ್ಲಿ ಪದ ಹುಟ್ಟಿಯೇ ಹುಟ್ಟುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ನೀವೂ ಮಾಡಿ ನೋಡಿ: ಜಿಪುಣ, ಮುಂಗೋಪಿ, ಹಟಮಾರಿ, ಗಟ್ಟಿಗಿತ್ತಿ, ಬಾಯಿಬಡುಕ, ಪಾಪದವನು. ಈ ‘ಪಾಪದವನು’ ಎಂಬುದನ್ನು ಇಂಗ್ಲಿಷಿಗೆ ಒಂದೇ ಪದದಲ್ಲಿ ತರಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆಗಿಲ್ಲ.

ಈ ಪದರಾಶಿಯನ್ನು ಮೊದಲು ಸೋಸಿ, ಒಟ್ಟಿಗೆ ಹೋಗುವ ಗುಣಗಳನ್ನು ಗುಂಪು ಮಾಡಿದವರು ಕ್ಯಾಟೆಲ್ ಎಂಬ ಮನೋವಿಜ್ಞಾನಿ. ಅವರಿಗೆ 16 ಗುಣ ಸಿಕ್ಕವು. ಐಸೆಂಕ್‌ಗೆ ಮೂರೇ ಸಾಕಾದವು. 1961ರಲ್ಲಿ ಅಮೆರಿಕದ ವಾಯುಪಡೆಗಾಗಿ ಕೆಲಸ ಮಾಡುತ್ತಿದ್ದ ಟ್ಯೂಪ್ಸ್ ಮತ್ತು ಕ್ರಿಸ್ಟಲ್‌ಗೆ ಮತ್ತೆ ಮತ್ತೆ ಐದು ಗೊಂಚಲು ಬಂದವು. ನಿಮ್ಮ ‘ಬಿಗ್ ಫೈವ್’ ಅಂದರೆ ಈ ಐದೇ. ಸೋಸುವ ಗಣಿತಕ್ಕೆ ತಳಪಾಯ ಹಾಕಿದ್ದು ಲಂಡನ್ನಿನ ಸ್ಪಿಯರ್‌ಮನ್. ಅವರ ಬಳಿ ಕಲಿತು ಬಂದವರೇ ನಮ್ಮ ಎಂ.ವಿ. ಗೋಪಾಲಸ್ವಾಮಿ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ಶುರು ಮಾಡಿದವರೂ ಅವರೇ. ಈ ವಿಷಯ ಎಲ್ಲಿಂದಲೋ ಬಂದ ಪಾಠ ಅನಿಸಿದಾಗ ಇದನ್ನು ನೆನಪು ಮಾಡಿಕೊಳ್ಳಿ.

ಐದನ್ನು ಬಾಯಿಪಾಠ ಮಾಡುವ ಬದಲು ನಿಮ್ಮ ತರಗತಿಯನ್ನೇ ನೆನೆಸಿಕೊಳ್ಳಿ. ಹೊಸ ವಿಷಯ ಕಂಡರೆ ಕಣ್ಣರಳಿಸುವವಳು. ನೋಟ್ಸ್ ಅಚ್ಚುಕಟ್ಟಾಗಿ ಬರೆದು ಹೇಳಿದ ದಿನಕ್ಕೆ ಕೊಡುವವನು. ಬಸ್ಸಿನಲ್ಲಿ ಪಕ್ಕ ಕೂತವರನ್ನೆಲ್ಲ ಮಾತಾಡಿಸುವವಳು. ಜಗಳ ಆಗುತ್ತದೆ ಎಂದರೆ ತಾನೇ ಸೋಲುವವನು. ಸಣ್ಣದಕ್ಕೂ ಕಳವಳಪಟ್ಟು ರಾತ್ರಿ ನಿದ್ದೆಗೆಡುವವಳು. ಎಲ್ಲರಲ್ಲೂ ಐದೂ ಇವೆ, ಪ್ರಮಾಣ ಬೇರೆ. ಆದರೆ ಇದನ್ನು ಎಲ್ಲ ಕಾಲಕ್ಕೂ, ಎಲ್ಲ ಜನಕ್ಕೂ ಸಲ್ಲುವ ಸತ್ಯ ಎಂದು ಬರೆಯಬೇಡಿ. ಬೊಲಿವಿಯಾದ ಕಾಡಿನ ತ್ಸಿಮಾನೆ ಜನರಲ್ಲಿ ಈ ಐದು ಸರಿಯಾಗಿ ಹೊರಬರಲಿಲ್ಲ ಎಂದು 2013ರ ಅಧ್ಯಯನ ತೋರಿಸಿತು. ಇನ್ನೊಂದು ಮಾತು. ಐದು ಗುಣ ‘ಎಷ್ಟು’ ಎಂದು ಹೇಳುತ್ತವೆ, ‘ಯಾಕೆ’ ಎಂದು ಹೇಳುವುದಿಲ್ಲ. ಯಾಕೆ ಎಂದು ಕೇಳಲು ಹೊರಟರೆ ಮತ್ತೆ ಫ್ರಾಯ್ಡ್, ರೋಜರ್ಸ್, ಬಂಡೂರಾ ಮುಂತಾದ ಮನೋವಿಜ್ಞಾನಿಗಳೆಲ್ಲ ಬೇಕಾಗುತ್ತಾರೆ.

ಪ್ರಶ್ನೆ: ನನಗೆ 67 ವರ್ಷ. ಆರು ವರ್ಷದ ಮೊಮ್ಮಗ ಮಹಾ ಸಿಡುಕ. ತೀರಿಹೋದ ನನ್ನ ಗಂಡನದೇ ಬುದ್ಧಿ. ‘ಹುಟ್ಟುಗುಣ ಸುಟ್ಟರೂ ಹೋಗದು’ ಅಂತ ನಾನು, ಬೆಳೆಸುವ ರೀತಿಯಲ್ಲಿ ಸರಿಯಾಗುತ್ತದೆ ಅಂತ ಸೊಸೆ. ದಿನಾ ಇದೇ ಮಾತು. ಯಾರು ಸರಿ?
– ಹೊನ್ನಾವರ

ಉತ್ತರ: ಅಜ್ಜಿ, ಗಾದೆಯಲ್ಲಿ ಅರ್ಧ ಸತ್ಯ ಇದೆ. ಅವಳಿಗಳ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದರೆ, ಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು 40ರಿಂದ 50 ಶೇಕಡಾ ವಂಶವಾಹಿಗಳಿಂದ ಬರುತ್ತದೆ. ಇದು ಇಡೀ ಜನಸಮೂಹದ ಲೆಕ್ಕ. ನಿಮ್ಮ ಮೊಮ್ಮಗನ ಸಿಟ್ಟಿನಲ್ಲಿ ಅರ್ಧ ಅಜ್ಜನದು ಎಂದು ಅರ್ಥವಲ್ಲ.

ಮತ್ತೆ, ಬಂದ ಗುಣ ಬಂದ ಹಾಗೇ ಇರುವುದಿಲ್ಲ. ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 92 ಅಧ್ಯಯನಗಳನ್ನು 2006ರಲ್ಲಿ ಒಟ್ಟಿಗೆ ನೋಡಲಾಯಿತು. ಇಪ್ಪತ್ತರಿಂದ ನಲವತ್ತರ ನಡುವೆ ಜನ ಸಾಮಾನ್ಯವಾಗಿ ಹೆಚ್ಚು ಜವಾಬ್ದಾರಿ ಹೊರುತ್ತಾರೆ, ಮನಸ್ಸಿನ ಏರಿಳಿತ ಕಡಿಮೆಯಾಗುತ್ತದೆ ಎಂದು ಕಂಡಿತು. ಆರು ವರ್ಷಕ್ಕೆ ತೀರ್ಪು ಕೊಡುವುದು ತೀರಾ ಬೇಗ ಆಯಿತು.

ನ್ಯೂಯಾರ್ಕಿನಲ್ಲಿ ಥಾಮಸ್ ಮತ್ತು ಚೆಸ್ ದಂಪತಿ 1956ರಿಂದ ಮಕ್ಕಳನ್ನು ಎಳವೆಯಿಂದ ದೊಡ್ಡವರಾಗುವ ತನಕ ಗಮನಿಸಿದರು. ಕೆಲವು ಮಕ್ಕಳು ಹುಟ್ಟಿನಿಂದಲೇ ಸಿಡುಕರು, ಏನಾದರೂ ಬದಲಾದರೆ ಅವರಿಗೆ ಒಗ್ಗದು. ಆದರೆ ಮುಂದೆ ಅವರು ಹೇಗಾದರು ಎಂಬುದು ಆ ಸ್ವಭಾವಕ್ಕೂ ಮನೆಯವರ ರೀತಿಗೂ ಎಷ್ಟು ಹೊಂದಿಕೆಯಾಯಿತು ಎಂಬುದರ ಮೇಲೆ ನಿಂತಿತ್ತು. ಹೀಗಾಗಿ ನೀವೂ ಸರಿ, ಸೊಸೆಯೂ ಸರಿ. ಮೊಮ್ಮಗನ ಎದುರು ಮಾತ್ರ ‘ಅಜ್ಜನದೇ ಬುದ್ಧಿ’ ಎಂದು ಹೇಳಬೇಡಿ. ಮಕ್ಕಳು ಅದನ್ನು ತಮ್ಮ ಹೆಸರಿನ ಹಾಗೆ ಅಂಟಿಸಿಕೊಳ್ಳುತ್ತಾರೆ.

ಕಾಸರಕೋಡ ಬೀಚಿನಿಂದ ಹೊರಡುವಾಗ ಮರಳಿನಲ್ಲಿ ಬಿದ್ದು ಹೊರಳಾಡುತ್ತಾನೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮುಂದಿನ ಸಲ ‘ನಡಿ, ಹೊತ್ತಾಯಿತು’ ಎಂದು ಒಮ್ಮೆಲೇ ಎಬ್ಬಿಸಬೇಡಿ. ಹತ್ತು ನಿಮಿಷ ಮೊದಲೇ ಹೇಳಿ. ಇನ್ನು ಐದು ತೆರೆ ಬಂದ ಮೇಲೆ ಹೋಗುವುದು, ನೀನೇ ಎಣಿಸು ಎಂದು ಲೆಕ್ಕ ಅವನ ಕೈಗೆ ಕೊಡಿ. ನೀವೂ ಅವನ ಪಕ್ಕ ಕೂತು ಎಣಿಸಿ.