ಡೇ ಕೇರ್‌ನ ಆರು ಜನ ವಯಸ್ಕರನ್ನು ನಾಟಕಕ್ಕೆ ಕರೆದುಕೊಂಡು ಹೋಗೋದು ಹೇಗೆ?

ಆಟಿಸಂ, ಡೌನ್ ಸಿಂಡ್ರೋಮ್ ಇರುವ ಆರು ಜನ, 22ರಿಂದ 40 ವರ್ಷದವರು, ಬೆಂಗಳೂರು, ಮೊದಲ ಸಲ. ಮಕ್ಕಳ ನಾಟಕವೇ ವಾಸಿಯಾ ಅಂತ ಕೇಳಿದ್ದೀರಿ. ಬೇಡ. ನಲವತ್ತು ವರ್ಷದವರನ್ನು ಮೊಲ, ಆಮೆಗಳ ಮುಂದೆ ಕೂರಿಸುವ ಮೊದಲು ಅವರನ್ನೇ ಕೇಳಿ. ಎರಡು ಮೂರು ನಾಟಕಗಳ ಪೋಸ್ಟರ್ ಮುಂದಿಡಿ, ಯಾವುದು ಅಂತ ಅವರೇ ಬೆರಳಿಟ್ಟು ತೋರಿಸಲಿ. ಬರಲ್ಲ ಅಂದವರನ್ನು ಒತ್ತಾಯ ಮಾಡಬೇಡಿ. ಮೊದಲ ಸಲಕ್ಕೆ ಹಾಡು, ಕುಣಿತ ಜಾಸ್ತಿ ಇರುವ, ಒಂದೂವರೆ ಗಂಟೆಯೊಳಗೆ ಮುಗಿಯುವ ಹಾಸ್ಯ ನಾಟಕ ಹಿಡಿಸುತ್ತದೆ.

ಟಿಕೆಟ್ ತೆಗೆಯುವ ಮುಂಚೆ ತಂಡದವರಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿ: ಪಟಾಕಿ ಅಥವಾ ಗುಂಡಿನ ಸದ್ದು ಇದೆಯಾ, ಹೊಗೆ ಬಿಡುತ್ತೀರಾ, ಪಟಪಟ ಮಿನುಗುವ ಲೈಟ್ ಇದೆಯಾ, ಪೂರ್ತಿ ಕತ್ತಲು ಎಷ್ಟು ಹೊತ್ತು. ಗುಂಪಿನಲ್ಲಿ ಫಿಟ್ಸ್ ಬರುವವರಿದ್ದರೆ ಮೂರನೆಯದನ್ನು ಬಿಡಲೇಬೇಡಿ. ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಕೆಲವರಿಗೆ ಫಿಟ್ಸ್ ತರಿಸುತ್ತದೆ. ಸದ್ದು ಯಾವ ದೃಶ್ಯದಲ್ಲಿ ಬರುತ್ತದೆ ಅಂತ ಬರೆದಿಟ್ಟುಕೊಂಡರೆ ಒಂದು ನಿಮಿಷ ಮುಂಚೆ ಕಿವಿಗೆ ಸದ್ದು ತಗ್ಗಿಸುವ ಮಫ್ ಹಾಕಬಹುದು. ಗ್ರೈಂಡಿಂಗ್ ಕೆಲಸದವರು ಹಾಕಿಕೊಳ್ಳುವ ಮಫ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹತ್ತಿ ತುರುಕುವುದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಮಫ್ ವಾರದ ಮೊದಲೇ ದಿನಾ ಹತ್ತು ನಿಮಿಷ ಹಾಕಿ ಅಭ್ಯಾಸವಾಗಲಿ, ಇಲ್ಲದಿದ್ದರೆ ಅಲ್ಲಿ ಕಿತ್ತೆಸೆಯುತ್ತಾರೆ.

ಜೆ.ಪಿ. ನಗರದ ರಂಗಶಂಕರ ರಂಗಮಂದಿರಕ್ಕೆ ಹೋಗುವುದಾದರೆ, ಅಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಆಟಿಸಂ ಇರುವವರಿಗೆ ಒಂದು ಲೆಕ್ಕದಲ್ಲಿ ಇದು ಅನುಕೂಲವೇ, ಏಳೂವರೆ ಅಂದರೆ ಏಳೂವರೆ. ಎಡವಟ್ಟಾಗುವುದು ಏಳು ಇಪ್ಪತ್ತೈದಕ್ಕೆ ಯಾರಿಗೋ ಟಾಯ್ಲೆಟ್‌ಗೆ ಅರ್ಜೆಂಟ್ ಆದಾಗ. ಮುಕ್ಕಾಲು ಗಂಟೆ ಮುಂಚೆ ತಲುಪಿ, ಎಲ್ಲರೂ ಹೋಗಿ ಬಂದ ಮೇಲೆಯೇ ಕ್ಯೂಗೆ ನಿಲ್ಲಿ. ನಡುವೆ ಎದ್ದು ಹೋದವರು ಮತ್ತೆ ಒಳಗೆ ಬರಬಹುದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಯಾವ ರಂಗಮಂದಿರವಾದರೂ ಅಷ್ಟೇ. ರಂಗಶಂಕರದ ರಂಗ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ. ಮುಂದಿನ ಸಾಲಿನಲ್ಲಿ ಕೂತರೆ ನಟರು ಕೈಗೆ ಸಿಗುವಷ್ಟು ಹತ್ತಿರ. ಎದ್ದು ಹೋಗಿ ಮಾತಾಡಿಸುವ ಅಭ್ಯಾಸ ಇರುವವರಿಗೆ ಆ ಸಾಲು ಬೇಡ. ಬಾಗಿಲ ಹತ್ತಿರದ ಸಾಲಿನ ತುದಿ ಹಿಡಿಯಿರಿ.

ಆರು ಜನರ ಜೊತೆ ನಾಲ್ವರು ಸಹಾಯಕರು ಬೇಕು. ಮೂವರು ಸಾಕು ಅನ್ನಿಸುತ್ತದೆ, ಆದರೆ ಒಬ್ಬರನ್ನು ಹೊರಗೆ ಕರೆದೊಯ್ದರೆ ಐವರಿಗೆ ಇಬ್ಬರು ಉಳಿಯುತ್ತಾರೆ. ಆ ಐವರಲ್ಲಿ ಇನ್ನೊಬ್ಬರು ಎದ್ದರೆ ಲೆಕ್ಕ ಕೆಟ್ಟಿತು. ನಾಲ್ಕನೆಯವರ ಕೆಲಸ ಬಾಗಿಲ ಪಕ್ಕ ಕೂರುವುದಷ್ಟೇ. ಅವರು ನಾಟಕ ನೋಡಲೇಬೇಕೆಂದಿಲ್ಲ.

ಎರಡು ದಿನ ಮುಂಚೆ ನೀವೊಬ್ಬರೇ ಹೋಗಿ ಆರು ಫೋಟೊ ತೆಗೆದು ಬನ್ನಿ: ಗೇಟು, ಕೌಂಟರ್, ಟಾಯ್ಲೆಟ್, ಬಾಗಿಲು, ಕುರ್ಚಿ, ಟೀ ಕುಡಿಯುವ ಜಾಗ. ಕೊನೆಯಲ್ಲಿ ಮನೆಯ ಫೋಟೊ. ಒಂದೇ ಹಾಳೆಯಲ್ಲಿ ಸಾಲಾಗಿ ಅಂಟಿಸಿ ದಿನಾ ತೋರಿಸಿ. ‘ಮನೆಗೆ ಯಾವಾಗ?’ ಅಂತ ಹತ್ತು ಸಲ ಕೇಳುವವರಿಗೆ ಆ ಕೊನೆಯ ಫೋಟೊ ಒಂದೇ ಸಮಾಧಾನ. ಜನ ಒಮ್ಮೆಲೇ ಚಪ್ಪಾಳೆ ಹೊಡೆಯುತ್ತಾರೆ ಅಂತಲೂ ತೋರಿಸಿಕೊಡಿ. ನಾಟಕದುದ್ದಕ್ಕೂ ಆರಾಮಾಗಿ ಕೂತವರು ಅಲ್ಲಿ ಬೆಚ್ಚಿಬೀಳುವುದು ಮಾಮೂಲು.

ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ಮಾತ್ರೆ ಇರುವವರ ಡೋಸ್ ತಪ್ಪಬಾರದು, ಊಟವೂ ಅಷ್ಟೇ. ಭಾನುವಾರ ಮಧ್ಯಾಹ್ನದ ಆಟ ಸಿಕ್ಕರೆ ಈ ತಲೆನೋವೇ ಇಲ್ಲ. ಟಿಕೆಟ್ ಅವರವರ ಕೈಯಲ್ಲೇ ಇರಲಿ, ಟೀ ದುಡ್ಡು ಅವರೇ ಕೊಡಲಿ. ಪಕ್ಕದವರು ತಿರುಗಿ ನೋಡಿದರೆ ‘ಖುಷಿಯಾದಾಗ ಇವರು ಸ್ವಲ್ಪ ಸದ್ದು ಮಾಡ್ತಾರೆ’ ಅಂದರೆ ಸಾಕು, ಆಟಿಸಂ, ಡೌನ್ ಸಿಂಡ್ರೋಮ್ ಅಂತೆಲ್ಲ ಹೇಳುವ ಅಗತ್ಯವಿಲ್ಲ.

ಇಷ್ಟೆಲ್ಲ ಮೊದಲ ಸಲಕ್ಕೇ ಭಾರ ಅನ್ನಿಸಿದರೆ ಹವ್ಯಾಸಿ ತಂಡವೊಂದರ ಗ್ರ್ಯಾಂಡ್ ರಿಹರ್ಸಲ್‌ಗೆ ಬರಲಾ ಅಂತ ಕೇಳಿ ನೋಡಿ. ಪ್ರೇಕ್ಷಕರ ಕಡೆಯ ದೀಪ ಪೂರ್ತಿ ಆರಿಸದೆ, ಸ್ಪೀಕರ್ ಸ್ವಲ್ಪ ತಗ್ಗಿಸಿ, ಬಾಗಿಲು ತೆರೆದಿಡಿ ಅಂದರೆ ತಂಡದವರು ಒಪ್ಪಲೂಬಹುದು. ಹೊರದೇಶಗಳಲ್ಲಿ ಇಂಥ ಪ್ರದರ್ಶನಗಳನ್ನು ಬೇರೆಯಾಗಿಯೇ ಏರ್ಪಡಿಸುತ್ತಾರೆ. ನಮ್ಮ ಬಯಲಾಟದಲ್ಲಿ ಎದ್ದು ಹೋಗಿ ಚುರುಮುರಿ ತಿಂದು ಬಂದರೆ, ನಡುವೆ ನಿದ್ದೆ ಹೊಡೆದರೆ ಯಾರೂ ಏನೂ ಅನ್ನುವುದಿಲ್ಲ. ಇಡೀ ರಾತ್ರಿಯ ಬದಲು ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಯಕ್ಷಗಾನ ಹತ್ತಿರದಲ್ಲಿದ್ದರೆ ಅದೂ ಆಗಬಹುದು, ಚೆಂಡೆ ಇರುವ ಬದಿ ಮತ್ತು ಸ್ಪೀಕರ್ ಕಂಬ ಬಿಟ್ಟು ದೂರ ಕೂರಿ.

ಅರ್ಧಕ್ಕೆ ಹೊರಟರೆ ಬೇಜಾರು ಬೇಡ. ಯಾವ ದೃಶ್ಯದಲ್ಲಿ ಎದ್ದರು ಅಂತ ಬರೆದಿಟ್ಟುಕೊಳ್ಳಿ. ವಾಪಸ್ ಹೋಗುವ ಗಾಡಿ ಮಾತ್ರ ನಾಟಕ ಶುರುವಾದಾಗಿನಿಂದ ಹೊರಗೇ ಕಾಯುತ್ತಿರಲಿ. ಮುಗಿದ ಮೇಲೆ ಆ ಜನಜಂಗುಳಿಯಲ್ಲಿ ಆರು ಜನರನ್ನು ನಿಲ್ಲಿಸಿಕೊಂಡು ಆಟೊ ಹುಡುಕುವುದು ಆಗದ ಮಾತು.