ಕಾನೂನು, ಶಿಕ್ಷಣ ಎಲ್ಲ ಇದ್ದರೂ ನಮ್ಮ ನಗರಗಳಲ್ಲಿ ಈಶಾನ್ಯ ರಾಜ್ಯಗಳವರ ಮೇಲಿನ ಜನಾಂಗೀಯ ನಿಂದನೆ ಏಕೆ ನಿಂತಿಲ್ಲ?

ಆಡುವವರು ಅದನ್ನು ನಿಂದನೆಯೆಂದೇ ಎಣಿಸದಿರುವುದು, ನನ್ನ ಅಭಿಪ್ರಾಯದಲ್ಲಿ, ಮುಖ್ಯ ಕಾರಣ. ಬೆಂಗಳೂರಿನಲ್ಲಿ ಮಣಿಪುರದ ಯುವತಿಯೊಬ್ಬಳು ಬಾಡಿಗೆ ಮನೆ ನೋಡಲು ಹೋದರೆ, ಅಡ್ವಾನ್ಸಿನ ಮಾತಿಗೂ ಮೊದಲು ‘ನೀನು ಇಂಡಿಯಾದವಳೇನಮ್ಮಾ?’ ಎಂಬ ಪ್ರಶ್ನೆ ಬರುವುದುಂಟು. ಬೀದಿಯಲ್ಲಿ ‘ಚಿಂಕಿ’, ‘ಮೋಮೊ’ ಎಂದು ಕೂಗಿದ ಹುಡುಗರನ್ನು ತಡೆದು ಕೇಳಿದರೆ ‘ಸುಮ್ನೆ ತಮಾಷೆಗೆ’ ಎನ್ನುತ್ತಾರೆ.

ಆ ತಮಾಷೆ ಎಲ್ಲಿಗೆ ಮುಟ್ಟಬಲ್ಲದು ಎಂಬುದು 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಕಂಡಿತು. ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೋ ತಾನಿಯಾ, ತಮ್ಮ ಕೂದಲನ್ನು ಅಣಕಿಸಿದವರೊಂದಿಗೆ ಜಗಳವಾಗಿ ಹಲ್ಲೆಗೊಳಗಾದರು, ಮರುದಿನ ತೀರಿಕೊಂಡರು. ಆನಂತರ ನೇಮಕವಾದ ಬೆಜ್‌ಬರುವಾ ಸಮಿತಿಯು ಜನಾಂಗೀಯ ನಿಂದನೆಯನ್ನು ಶಿಕ್ಷಿಸಲು ದಂಡ ಸಂಹಿತೆಗೆ 153ಸಿ ಮತ್ತು 509ಎ ಎಂಬ ಹೊಸ ಕಲಂಗಳನ್ನು ಸೇರಿಸುವಂತೆ ಶಿಫಾರಸು ಮಾಡಿತಾದರೂ ಅವು ಕಾನೂನಾಗಲಿಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇಂಥ ಬೈಗುಳಕ್ಕೆಂದೇ ಪ್ರತ್ಯೇಕ ಕಲಂ ಇಲ್ಲ. ಪರಿಶಿಷ್ಟ ಪಂಗಡದವರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯಿದೆ, ಆದರೆ ಮಣಿಪುರದ ಬಹುಪಾಲು ಮೈತೇಯಿಗಳಂತೆ ಆ ಪಟ್ಟಿಯ ಹೊರಗಿರುವವರಿಗೆ ಅದೂ ಇಲ್ಲ.

ಇದೆಲ್ಲ ಕೇವಲ ಪರಿಚಯದ ಕೊರತೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ತಲೆತಲಾಂತರದಿಂದ ನೆಲೆಸಿ ಕನ್ನಡ, ಕೊಂಕಣಿ ಆಡುವ, 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ, ಆಫ್ರಿಕಾ ಮೂಲದ ಸಿದ್ದಿಗಳನ್ನೂ (ಅದೂ ನಮ್ಮದೇ ರಾಜ್ಯದೊಳಗೆ) ಮೈಬಣ್ಣ, ಗುಂಗುರು ಕೂದಲು ನೋಡಿ ‘ಯಾವ ದೇಶದವರು?’ ಎಂದು ಕೇಳುವವರಿದ್ದಾರೆ.