ಹಿಂಗಾರು ಮಳೆ-ಗಾಳಿಯಲ್ಲಿ ಕುದುರೆಗೆ ಜೂಲು ಹೊದಿಸಬೇಕಾ?

ನಮ್ಮ ವಿಜಯಪುರದ ಅಕ್ಟೋಬರ್ ಮಳೆಗೆ ಜೂಲು ಬೇಡ. ತಲೆ ಮೇಲೆ ಸೂರು, ಗಾಳಿ ಬೀಸುವ ಕಡೆ ಒಂದು ಗೋಡೆ. ಗಟ್ಟಿಮುಟ್ಟಾದ ಕುದುರೆಗೆ ಇಷ್ಟು ಸಾಕು.

ಯಾಕಂದ್ರೆ ಕುದುರೆಗೆ ಅದರ ಕೂದಲೇ ಕಂಬಳಿ. ಚಳಿ ಹತ್ತಿದಾಗ ಕೂದಲು ನಿಮಿರಿ ನಿಲ್ಲುತ್ತದೆ. ನಡುವೆ ಸಿಕ್ಕ ಗಾಳಿ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ನೆನೆದ ಜೂಲು ಆ ಕೂದಲನ್ನು ಒತ್ತಿ ಮಲಗಿಸುತ್ತದೆ, ಹೊದಿಸಿದ್ದಕ್ಕೇ ಚಳಿ ಜಾಸ್ತಿಯಾಗುತ್ತದೆ. ಮುದಿ, ಬಡಕಲು, ಕಾಯಿಲೆ ಬಿದ್ದ ಕುದುರೆಗೆ ಮಾತ್ರ ಮೈ ಒರೆಸಿ, ಪೂರ್ತಿ ಆರಿದ ಮೇಲೆ ಒಣ ಜೂಲು ಹಾಕಿ. ಆಗಾಗ ಭುಜದ ಹತ್ತಿರ ಒಳಗೆ ಕೈ ತೂರಿಸಿ ನೋಡಿ. ಬೆವರಿನ ಪಸೆ ಸಿಕ್ಕರೆ ತಕ್ಷಣ ತೆಗೆಯಿರಿ.

ನನಗೆ ಚಳಿಗಿಂತ ಸಿಡಿಲಿನ ಭಯವೇ ಜಾಸ್ತಿ. ಗುಡುಗು ಕೇಳಿದ ಕೂಡಲೇ ಬಯಲಿನಿಂದ ಒಳಗೆ ತನ್ನಿ. ಹೊಲದ ಒಂಟಿ ಬೇವಿನ ಮರಕ್ಕಂತೂ ಕಟ್ಟಲೇಬೇಡಿ. ಸೂರಿನ ತಗಡು ಸಡಿಲ ಇದ್ದರೆ ಮೊದಲೇ ಬಿಗಿ ಮಾಡಿಸಿ, ಅದು ಪಟಪಟ ಬಡಿದರೆ ಕುದುರೆ ಬೆದರಿ ಹಗ್ಗ ಕೀಳುತ್ತದೆ.

ಮಳೆ ನಿಂತ ಮೇಲೆ ಮತ್ತೆ ಹೊರಗೆ ಬಿಡಿ. ದಿನಗಟ್ಟಲೆ ಸುಮ್ನೆ ನಿಂತರೆ ಕಾಲು ಬಾತುಕೊಳ್ಳುತ್ತದೆ. ಸಂಜೆ ಗೊರಸಿಗೆ ಮೆತ್ತಿದ ಎರೆಮಣ್ಣನ್ನು ಕೆರೆದು ತೆಗೆಯಿರಿ. ಬೂಸು ಹಿಡಿದ ಕಣಿಕೆ ಮಾತ್ರ ಹಾಕಬೇಡಿ, ಹೊಟ್ಟೆಶೂಲೆ ಬರುತ್ತದೆ.